ಶ್ರುತಿ ತಪ್ಪದ ಕಿವಿ, ಮಾತು ತಪ್ಪುವ ಕಿವಿ

ಮುಂಬಯಿಯ ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ ಮೃದಂಗದ ಮೇಷ್ಟ್ರೊಬ್ಬರು ವಾಸವಾಗಿದ್ದಾರೆ. ಮೈಸೂರು ಸೀಮೆಯಿಂದ ಬಂದು ಈ ಊರಿನಲ್ಲಿ ನೆಲೆಸಿ ಐವತ್ತು ವರ್ಷಗಳೇ ಕಳೆದಿವೆ. ಅವರು ವಾದ್ಯವನ್ನು ಶ್ರುತಿಗೊಳಿಸುವುದನ್ನು ನೋಡುವುದೇ ಒಂದು ಪಾಠ. ಸಣ್ಣ ಕಲ್ಲಿನಿಂದ ಬಲಗಡೆಯ ಅಂಚಿಗೆ ಒಂದು ಏಟು, ಬೆರಳಿನಿಂದ ಒಂದು ಮೀಟು, ಮತ್ತೆ ಒಂದು ಏಟು. ತಂಬೂರಿಯ ಷಡ್ಜಕ್ಕೂ ಚರ್ಮದ ನಾದಕ್ಕೂ ನಡುವೆ ಕೂದಲೆಳೆಯಷ್ಟು ಅಂತರ ಉಳಿದರೂ ಅವರ ಹುಬ್ಬು ಗಂಟಿಕ್ಕುತ್ತದೆ. ಕಳೆದ ವರ್ಷ ಒಂದು ಸಂಜೆ ಅವರು ನಮ್ಮ ಮನೆಗೆ ಬಂದಿದ್ದಾಗ ಚಹಾ ಬೆರೆಸುತ್ತ, “ಹಾಲು ಸಾಕೇ ಮೇಷ್ಟ್ರೇ?” ಎಂದು ಕೇಳಿದೆ. ಅವರು ಪಂಚೆಯನ್ನು ಸರಿಪಡಿಸಿಕೊಂಡು, “ಕಾಲೇ? ಈಗ ನೋವಿಲ್ಲಪ್ಪ, ಚೆನ್ನಾಗಿದೆ” ಎಂದರು. ನನ್ನ ಹೆಂಡತಿ ನಗಲು ಹೊರಟವಳು ಅವರ ಮುಖ ನೋಡಿ ಸುಮ್ಮನಾದಳು. ಅವರಿಗೂ ಅರ್ಥವಾಗಿತ್ತು. ಹೊರಡುವಾಗ ಬಾಗಿಲ ಬಳಿ ನಿಂತು, “ಇದು ನಮ್ಮಲ್ಲೇ ಇರಲಿ” ಎಂದಷ್ಟೇ ಹೇಳಿ ಮೆಟ್ಟಿಲಿಳಿದರು.

ಕೂದಲೆಳೆಯಷ್ಟು ಶ್ರುತಿಭೇದವನ್ನು ಹಿಡಿಯುವ ಕಿವಿಗೆ ‘ಹಾಲು’ ಮತ್ತು ‘ಕಾಲು’ಗಳ ನಡುವಣ ಭೇದ ದಕ್ಕುವುದಿಲ್ಲವೆಂದರೆ ಆ ಕಿವಿ ಕೇಳುತ್ತಿದೆಯೆನ್ನಬೇಕೆ, ಇಲ್ಲವೆನ್ನಬೇಕೆ? ಅದಕ್ಕಿಂತಲೂ, ಅಂಥ ಕಿವಿಯುಳ್ಳ ವಿದ್ವಾಂಸರು ಅದನ್ನು ಏಕೆ ಬಚ್ಚಿಡಬೇಕು? ಈ ಎರಡು ಪ್ರಶ್ನೆಗಳ ಬೆನ್ನು ಹತ್ತಿ ಹೋದಾಗ ನನಗೆ ಎದುರಾದದ್ದು ಇನ್ನೂರು ವರ್ಷಗಳಿಗೂ ಮಿಕ್ಕ ಒಂದು ಚರಿತ್ರೆ. ಅದರ ಆರಂಭದ ದಾಖಲೆ ವಿಯೆನ್ನಾ ನಗರದಿಂದ ಹೊರಟ ಒಂದು ಪತ್ರ.

1801ರ ಜೂನ್ 29ರಂದು ಲುಡ್ವಿಗ್ ಫಾನ್ ಬೆಥೋವನ್ ತನ್ನ ಬಾಲ್ಯದ ಗೆಳೆಯನೂ ವೈದ್ಯನೂ ಆಗಿದ್ದ ಫ್ರಾನ್ಸ್ ವೆಗೆಲರ್‌ಗೆ ಆ ಪತ್ರವನ್ನು ಬರೆದನು. ಆಗ ಅವನಿಗೆ ಮೂವತ್ತು ವರ್ಷ. ಬಾನ್ ನಗರದಿಂದ ವಿಯೆನ್ನಾಕ್ಕೆ ಬಂದು ಒಂಬತ್ತು ವರ್ಷಗಳೊಳಗೆ ಪಿಯಾನೊ ವಾದಕನಾಗಿಯೂ ರಚನಕಾರನಾಗಿಯೂ ಹೆಸರು ಗಳಿಸಿದ್ದನು. ಪತ್ರದಲ್ಲಿ ಅವನು ಹೇಳಿಕೊಂಡದ್ದಿಷ್ಟು: ಮೂರು ವರ್ಷಗಳಿಂದ ಶ್ರವಣಶಕ್ತಿ ಕುಗ್ಗುತ್ತಿದೆ, ಹಗಲೂ ರಾತ್ರಿ ಕಿವಿಯೊಳಗೆ ಮೊರೆತ, ನಾಟಕಶಾಲೆಯಲ್ಲಿ ನಟರ ಮಾತು ತಿಳಿಯಬೇಕಾದರೆ ವಾದ್ಯವೃಂದಕ್ಕೆ ತೀರ ಸಮೀಪ ಕೂರಬೇಕು, ಸ್ವಲ್ಪ ದೂರವಾದರೂ ವಾದ್ಯಗಳ ಮತ್ತು ಕಂಠಗಳ ತಾರಸ್ವರಗಳು ಕೇಳಿಸುವುದಿಲ್ಲ, ಮೆಲ್ಲಗೆ ಮಾತನಾಡುವವರ ದನಿ ಕೇಳುತ್ತದೆ, ಪದಗಳು ತಿಳಿಯುವುದಿಲ್ಲ, ಆದರೆ ಯಾರಾದರೂ ಕೂಗಿದರೆ ಸಹಿಸಲಾಗುವುದಿಲ್ಲ.

ಇಂದಿನ ಶ್ರವಣತಜ್ಞರು ಈ ಪತ್ರವನ್ನು ಓದಿದರೆ ಒಂದೊಂದು ಸಾಲಿಗೂ ಒಂದೊಂದು ಹೆಸರನ್ನು ಕೊಡಬಲ್ಲರು. ಮೊದಲು ಮೇಲಿನ ಆವರ್ತಾಂಕಗಳ ನಷ್ಟ, ಜತೆಗೆ ಕಿವಿಮೊರೆತ, ನಾದ ಉಳಿದು ಅಕ್ಷರ ಅಳಿಯುವುದು, ಮೆಲುದನಿ ಕೇಳದ ಕಿವಿಗೆ ಜೋರುದನಿ ಇರಿತವಾಗುವುದು: ಒಳಗಿವಿಗೆ ಹಾನಿಯಾದವರು ಇಂದಿಗೂ ಹೇಳಿಕೊಳ್ಳುವ ದೂರುಗಳು ಇವೇ. ಆದರೆ ಪತ್ರದಲ್ಲಿ ಇನ್ನೊಂದು ಸಂಗತಿಯೂ ಇದೆ. ಸುಮಾರು ಎರಡು ವರ್ಷಗಳಿಂದ ಅವನು ಜನರ ಕೂಟಗಳನ್ನು ತಪ್ಪಿಸುತ್ತಿದ್ದನು. ನಾನು ಕಿವುಡನೆಂದು ಹೇಳಿಕೊಳ್ಳುವುದು ಅವನಿಂದಾಗುತ್ತಿರಲಿಲ್ಲ. ಬೇರಾವುದಾದರೂ ವೃತ್ತಿಯಾಗಿದ್ದರೆ ಹೇಗೋ ನಡೆಯುತ್ತಿತ್ತು, ಈ ವೃತ್ತಿಯಲ್ಲಿ ಇದು ಭಯಂಕರ, ಶತ್ರುಗಳಿಗೆ ತಿಳಿದರೆ ಏನೆಂದಾರು ಎಂಬುದು ಅವನ ಅಳಲು. ಎರಡು ದಿನಗಳ ನಂತರ ಕಾರ್ಲ್ ಅಮೆಂಡ ಎಂಬ ಮತ್ತೊಬ್ಬ ಗೆಳೆಯನಿಗೆ ಬರೆದಾಗಲೂ ಈ ವಿಷಯವನ್ನು ಗುಟ್ಟಾಗಿಡುವಂತೆ ಕೇಳಿಕೊಂಡನು. ನಮ್ಮ ಮೇಷ್ಟ್ರು ಬಾಗಿಲ ಬಳಿ ಹೇಳಿದ ಮಾತಿಗೂ ಇದಕ್ಕೂ ಭಾಷೆಯೊಂದೇ ಬೇರೆ.

ಮರುವರ್ಷ, 1802ರ ಅಕ್ಟೋಬರ್ 6ರಂದು, ವಿಯೆನ್ನಾದ ಹೊರವಲಯದ ಹೈಲಿಗೆನ್‌ಷ್ಟಾಟ್ ಗ್ರಾಮದಲ್ಲಿ ಕುಳಿತು ತನ್ನ ತಮ್ಮಂದಿರನ್ನು ಉದ್ದೇಶಿಸಿ ಅವನು ಬರೆದ ದೀರ್ಘಪತ್ರವು ‘ಹೈಲಿಗೆನ್‌ಷ್ಟಾಟ್ ಮರಣಶಾಸನ’ವೆಂದು ಪ್ರಸಿದ್ಧವಾಗಿದೆ. ಅದನ್ನು ಅವನು ಯಾರಿಗೂ ಕಳುಹಿಸಲಿಲ್ಲ. 1827ರ ಮಾರ್ಚ್‌ನಲ್ಲಿ ಅವನು ತೀರಿಕೊಂಡ ಮೇಲೆಯೇ ಅದು ಕಾಗದಪತ್ರಗಳ ನಡುವೆ ದೊರೆಯಿತು. ಪಕ್ಕದಲ್ಲಿ ನಿಂತವನಿಗೆ ದೂರದ ಕೊಳಲು ಕೇಳಿಸುತ್ತಿದೆ, ತನಗೆ ಏನೂ ಕೇಳಿಸುತ್ತಿಲ್ಲ ಎಂಬ ಅವಮಾನವನ್ನು ಅವನು ಅಲ್ಲಿ ನೆನೆಯುತ್ತಾನೆ. ಬದುಕನ್ನೇ ಮುಗಿಸಿಕೊಳ್ಳುವ ಯೋಚನೆಯವರೆಗೆ ಹೋದವನನ್ನು ಕಲೆಯೊಂದೇ ತಡೆಯಿತೆಂದು ಬರೆಯುತ್ತಾನೆ. ಇತರರಿಗಿಂತ ತನ್ನಲ್ಲಿ ಹೆಚ್ಚು ಪರಿಪೂರ್ಣವಾಗಿರಬೇಕಾದ ಇಂದ್ರಿಯವೇ ದುರ್ಬಲವಾಗಿದೆಯೆಂದು ಹೇಗೆ ಒಪ್ಪಿಕೊಳ್ಳಲಿ ಎಂಬ ಅರ್ಥದ ಮಾತು ಆ ಪತ್ರದ ತಿರುಳು. ಸಂಗೀತಗಾರನ ಕಿವಿ ಇತರರ ಕಿವಿಗಿಂತ ಮೇಲಾದದ್ದು ಎಂಬ ನಂಬಿಕೆ ಅವನನ್ನು ಬಾಯಿ ಕಟ್ಟಿ ಕೂರಿಸಿತು. ಆ ನಂಬಿಕೆ ಎಷ್ಟು ನಿಜ, ಎಷ್ಟು ಸುಳ್ಳು ಎಂಬುದನ್ನು ಮುಂದೆ ನೋಡೋಣ.

ಬೆಥೋವನ್‌ನ ಮುಂದಿನ ಕಥೆ ಬಹುಮಂದಿಗೆ ತಿಳಿದದ್ದೇ. ಲಯಯಂತ್ರದಿಂದ ಹೆಸರಾದ ಮೆಲ್ಜೆಲ್ ಅವನಿಗಾಗಿ ಲೋಹದ ಕಿವಿತುತ್ತೂರಿಗಳನ್ನು ಮಾಡಿಕೊಟ್ಟನು. ಅವು ಇಂದು ಬಾನ್ ನಗರದಲ್ಲಿ ಅವನು ಹುಟ್ಟಿದ ಮನೆಯ ಸಂಗ್ರಹಾಲಯದಲ್ಲಿವೆ. 1818ರಿಂದ ಭೇಟಿಗೆ ಬಂದವರು ತಮ್ಮ ಮಾತನ್ನು ಪುಸ್ತಕದಲ್ಲಿ ಬರೆದು ತೋರಿಸತೊಡಗಿದರು. 1824ರ ಮೇ 7ರಂದು ಒಂಬತ್ತನೆಯ ಸಿಂಫನಿಯ ಮೊದಲ ಪ್ರಯೋಗವಾದಾಗ ಅವನು ವೇದಿಕೆಯ ಮೇಲೆಯೇ ಇದ್ದನು; ವಾದ್ಯವೃಂದವನ್ನು ನಿಜವಾಗಿ ನಡೆಸಿದವನು ಉಮ್ಲಾಫ್. ಸಭಿಕರ ಕರತಾಡನ ಕೇಳದೆ ಬೆನ್ನು ಹಾಕಿ ನಿಂತಿದ್ದವನನ್ನು ಗಾಯಕಿ ಕ್ಯಾರೊಲಿನ್ ಉಂಗರ್ ಜನರತ್ತ ತಿರುಗಿಸಿದಳೆಂಬುದು ಆ ಸಂಜೆಯ ಪ್ರಸಿದ್ಧ ವೃತ್ತಾಂತ. ಅವನ ಕಿವುಡಿಗೆ ಕಾರಣವೇನೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ. 2023ರಲ್ಲಿ ಅವನ ಕೂದಲಿನಿಂದ ವಂಶವಾಹಿಗಳನ್ನು ಓದಿದ ವಿಜ್ಞಾನಿಗಳಿಗೆ ಯಕೃತ್ತಿನ ಬೇನೆಯ ಸುಳಿವು ದೊರೆಯಿತೇ ಹೊರತು ಕಿವುಡಿನ ಮೂಲ ದೊರೆಯಲಿಲ್ಲ. ಒಂದು ಮಾತು ಮಾತ್ರ ಸ್ಪಷ್ಟ: ಹೊರಗಿನ ಕಿವಿ ಕೈಬಿಟ್ಟ ಮೇಲೂ ಒಳಗೆ ಸಂಗೀತವನ್ನು ಕೇಳಿಸಿಕೊಳ್ಳುವ ಶಕ್ತಿ ಅವನಲ್ಲಿ ಪೂರ್ತಿಯಾಗಿ ಉಳಿದಿತ್ತು.

ಅವನೊಬ್ಬನೇ ಅಲ್ಲ. ಚೆಕ್ ರಚನಕಾರ ಬೆಡ್ರಿಕ್ ಸ್ಮೆತನ 1874ರಲ್ಲಿ ಕೆಲವೇ ತಿಂಗಳುಗಳಲ್ಲಿ ಪೂರ್ತಿ ಕಿವುಡನಾಗಿ ಪ್ರಾಗ್ ನಗರದ ನಾಟಕಶಾಲೆಯ ನಿರ್ದೇಶಕ ಪದವಿಯಿಂದ ನಿವೃತ್ತನಾದನು. ವ್ಲ್‌ತಾವ ನದಿಯನ್ನು ಕುರಿತ ಅವನ ಪ್ರಸಿದ್ಧ ರಚನೆ ಹುಟ್ಟಿದ್ದು ಅದೇ ವರ್ಷದ ಕೊನೆಯಲ್ಲಿ. 1876ರಲ್ಲಿ ರಚಿಸಿದ ‘ನನ್ನ ಬದುಕಿನಿಂದ’ ಎಂಬ ತಂತಿವಾದ್ಯ ಚತುಷ್ಟಯದಲ್ಲಿ ಅವನು ತನ್ನ ರೋಗವನ್ನೇ ಬರೆದಿಟ್ಟನು. ಕೊನೆಯ ಭಾಗದ ಉಲ್ಲಾಸದ ನಡುವೆ ಇದ್ದಕ್ಕಿದ್ದಂತೆ ಎಲ್ಲವೂ ನಿಂತು, ಪಿಟೀಲಿನ ಒಂದೇ ಒಂದು ತಾರಸ್ವರ ಚೂಪಾಗಿ ನಿಲ್ಲುತ್ತದೆ. ಕಿವುಡಿಗೆ ಮುನ್ನ ತನ್ನ ಕಿವಿಯಲ್ಲಿ ಮೊಳಗಿದ ಆ ಶಬ್ದ ಅದೆಂದು ಅವನೇ ವಿವರಿಸಿದ್ದಾನೆ. ಗುಟ್ಟನ್ನು ಶ್ರುತಿಸಹಿತವಾಗಿ ಬಯಲಿಗಿಟ್ಟ ಈ ಧೈರ್ಯ ಅಪರೂಪದ್ದು.

ಫ್ರಾನ್ಸಿನ ಗೇಬ್ರಿಯಲ್ ಫೊರೆಯ ಪಾಡು ಇನ್ನೂ ವಿಚಿತ್ರ. 1905ರಿಂದ 1920ರವರೆಗೆ ಅವನು ಪ್ಯಾರಿಸ್‌ನ ಸಂಗೀತ ವಿದ್ಯಾಲಯದ ಮುಖ್ಯಸ್ಥನಾಗಿದ್ದನು. ಆ ವೇಳೆಗೆ ಅವನ ಶ್ರವಣ ಕುಗ್ಗುತ್ತಿತ್ತು. ಕುಗ್ಗುವುದರ ಜತೆಗೆ ಕೆಡುತ್ತಿತ್ತು. ನಡುವಣ ಸ್ವರಗಳು ಕ್ಷೀಣವಾಗಿಯಾದರೂ ತಮ್ಮ ಸ್ಥಾನದಲ್ಲೇ ಕೇಳುತ್ತಿದ್ದವು. ಮಂದ್ರದ ಸ್ವರಗಳು ಮೇಲಕ್ಕೆ ಜರುಗಿಯೂ ತಾರದ ಸ್ವರಗಳು ಕೆಳಕ್ಕೆ ಜರುಗಿಯೂ ಕೇಳುತ್ತಿದ್ದವು. ತನ್ನ ರಚನೆಯನ್ನೇ ಇತರರು ನುಡಿಸಿದಾಗ ಅವನಿಗೆ ಕೇಳಿಸುತ್ತಿದ್ದುದು ಅಪಸ್ವರ. ವಿದ್ಯಾರ್ಥಿಗಳ ಸ್ವರಶುದ್ಧಿಯನ್ನು ತೂಗಬೇಕಾದ ಪೀಠದಲ್ಲಿ ಕುಳಿತವನು ಇದನ್ನು ಸಾಧ್ಯವಾದಷ್ಟು ಕಾಲ ಮರೆಮಾಡಿದ್ದರಲ್ಲಿ ಆಶ್ಚರ್ಯವೇನಿದೆ?

ಈ ಮೂವರ ಕಿವುಡನ್ನು ಸಂಗೀತ ತಂದಿತೆಂದು ಹೇಳಲು ಆಧಾರವಿಲ್ಲ. ರೋಗ ಬಂದಿತು, ಸಂಗೀತ ಅದನ್ನು ತಾಳಿಕೊಂಡಿತು, ಅಷ್ಟೆ. ಆದರೆ ಕೆಲಸವೇ ಕಿವಿಯನ್ನು ಕೆಡಿಸಬಲ್ಲುದೆಂಬ ತಿಳಿವಳಿಕೆ ಬೇರೊಂದು ದಾರಿಯಲ್ಲಿ, ಕುಲುಮೆಗಳ ಕಡೆಯಿಂದ, ಬೆಳೆಯುತ್ತ ಬಂದಿತ್ತು. ಇಟಲಿಯ ವೈದ್ಯ ಬರ್ನಾರ್ದಿನೊ ರಾಮಜ್ಜೀನಿ 1700ರಲ್ಲಿ ಮೊದಲು ಪ್ರಕಟಿಸಿದ, ಕಸುಬುದಾರರ ರೋಗಗಳನ್ನು ಕುರಿತ ತನ್ನ ಗ್ರಂಥದಲ್ಲಿ, ಹಗಲೆಲ್ಲ ತಾಮ್ರ ಬಡಿಯುವ ಕಂಚುಗಾರರು ಮೊದಲು ಮಂದಕಿವಿಯವರಾಗಿ ಮುಪ್ಪಿನಲ್ಲಿ ಪೂರ್ಣ ಕಿವುಡರಾಗುವುದನ್ನು ಗುರುತಿಸಿದ್ದನು. 1886ರಲ್ಲಿ ಗ್ಲಾಸ್ಗೊ ನಗರದ ವೈದ್ಯ ಥಾಮಸ್ ಬಾರ್ ಹಡಗುಗಳಿಗೆ ಬಾಯ್ಲರ್ ಕಟ್ಟುವ ನೂರು ಜನ, ಕಬ್ಬಿಣದ ಎರಕದ ನೂರು ಜನ, ಅಂಚೆಯವರು ನೂರು ಜನ, ಹೀಗೆ ಮೂರು ಗುಂಪುಗಳ ಕಿವಿಗಳನ್ನು ಗಡಿಯಾರದ ಟಿಕ್‌ಟಿಕ್ ಸದ್ದಿನಿಂದ ಪರೀಕ್ಷಿಸಿದನು. ಬಾಯ್ಲರ್ ಕಟ್ಟುವವರಲ್ಲಿ ಸರಿಯಾದ ಶ್ರವಣವುಳ್ಳ ಒಬ್ಬನೂ ಸಿಗಲಿಲ್ಲ. ಆದರೂ ಸಂಗೀತಗಾರರನ್ನು ಯಾರೂ ಕಂಚುಗಾರರ ಪಂಕ್ತಿಯಲ್ಲಿ ಕೂರಿಸಲಿಲ್ಲ. ಬಡಿತ ಗದ್ದಲ, ಸಂಗೀತ ನಾದ. ಗದ್ದಲ ಕೆಡಿಸುತ್ತದೆ, ನಾದ ಪೋಷಿಸುತ್ತದೆ ಎಂಬುದು ಲೋಕದ ಎಣಿಕೆಯಾಗಿತ್ತು.

ಒಳಗಿವಿಗೆ ಈ ಭೇದ ತಿಳಿಯದು. ಬೆಥೋವನ್ ತೀರಿಕೊಂಡ 24 ವರ್ಷಗಳ ನಂತರ, 1851ರಲ್ಲಿ, ಆಲ್ಫೊನ್ಸೊ ಕೋರ್ಟಿ ಎಂಬ ಇಟಲಿಯ ವಿಜ್ಞಾನಿ ಒಳಗಿವಿಯ ಶಂಖದಂಥ ಸುರುಳಿಯಲ್ಲಿ ಅಡಗಿರುವ ಶ್ರವಣಾಂಗವನ್ನು ಸೂಕ್ಷ್ಮದರ್ಶಕದಲ್ಲಿ ಕಂಡು ವರ್ಣಿಸಿದನು. ಒಂದೊಂದು ಕಿವಿಯಲ್ಲಿಯೂ ಸುಮಾರು 15,000 ರೋಮಕೋಶಗಳಿವೆ. ಸುರುಳಿಯ ಬುಡದಲ್ಲಿ ತಾರಸ್ವರ, ತುದಿಯಲ್ಲಿ ಮಂದ್ರಸ್ವರ: ಪಿಯಾನೊದ ಕೀಲಿಗಳಂತೆ ಅವು ಸಾಲಾಗಿ ಹೊಂದಿಕೊಂಡಿವೆ. ಸದ್ದಿನ ಅಲೆ ಈ ಸುರುಳಿಯಲ್ಲಿ ಹೇಗೆ ಚಲಿಸುತ್ತದೆಂದು ತೋರಿಸಿದ ಗಿಯೋರ್ಗ್ ಫಾನ್ ಬೇಕೆಶಿಗೆ 1961ರ ನೊಬೆಲ್ ಪ್ರಶಸ್ತಿ ಬಂದಿತು. ಈ ಕೋಶಗಳು ಒಮ್ಮೆ ಸತ್ತರೆ ಮನುಷ್ಯನಲ್ಲಿ ಮತ್ತೆ ಚಿಗುರುವುದಿಲ್ಲ. ಅವನ್ನು ಕೊಲ್ಲುವುದು ಶಬ್ದದ ಒಟ್ಟು ಶಕ್ತಿ. ಅದು ಸುತ್ತಿಗೆಯಿಂದ ಬಂತೋ ಸಾವೇರಿಯಿಂದ ಬಂತೋ ಎಂದು ಅವು ವಿಚಾರಿಸುವುದಿಲ್ಲ.

ಲೆಕ್ಕ ನಮ್ಮ ಲಯಗಾರರಿಗೆ ಸುಲಭವಾಗಿ ಹಿಡಿಯುವಂಥದು. ಶಬ್ದದ ಮಟ್ಟ 3 ಡೆಸಿಬಲ್ ಏರಿದರೆ ಅದರ ಶಕ್ತಿ ಇಮ್ಮಡಿಯಾಗುತ್ತದೆ. ಆದುದರಿಂದ ಕಿವಿ ತಾಳಬಲ್ಲ ಅವಧಿ ಅರ್ಧಕ್ಕಿಳಿಯುತ್ತದೆ. ಈ ಲೆಕ್ಕದಂತೆ 85 ಡೆಸಿಬಲ್‌ನಲ್ಲಿ ದಿನಕ್ಕೆ 8 ಗಂಟೆ ಕಳೆಯಬಹುದಾದರೆ 88ರಲ್ಲಿ 4 ಗಂಟೆ, 91ರಲ್ಲಿ 2 ಗಂಟೆ, 94ರಲ್ಲಿ 1 ಗಂಟೆ. 100 ಡೆಸಿಬಲ್‌ಗೆ ಬಂದರೆ ಕೇವಲ 15 ನಿಮಿಷ. ಒಂದನೆಯ ಕಾಲದಿಂದ ಎರಡನೆಯ ಕಾಲಕ್ಕೆ, ಎರಡರಿಂದ ಮೂರನೆಯದಕ್ಕೆ ಏರಿದಂತೆ ಅಕ್ಷರದ ಅವಧಿ ಅರ್ಧರ್ಧವಾಗುವ ಕ್ರಮವೇ ಇಲ್ಲಿಯೂ ಇದೆ. ವ್ಯತ್ಯಾಸವೇನೆಂದರೆ ಈ ಲೆಕ್ಕದಲ್ಲಿ ತಪ್ಪಿದವನಿಗೆ ಮರಳಿ ಸಮಕ್ಕೆ ಬರುವ ಅವಕಾಶವಿಲ್ಲ.

ಈಗ ‘ಹಾಲು’ ‘ಕಾಲು’ಗಳ ಒಗಟಿಗೆ ಬರೋಣ. ಶಬ್ದದಿಂದಾಗುವ ಹಾನಿ ಸಾಮಾನ್ಯವಾಗಿ ಮೊದಲು ತಲೆದೋರುವುದು 4,000 ಹರ್ಟ್ಸ್‌ನ ಆಸುಪಾಸಿನಲ್ಲಿ. ಶ್ರವಣಪರೀಕ್ಷೆಯ ನಕ್ಷೆಯಲ್ಲಿ ಅಲ್ಲೊಂದು ಕಚ್ಚು ಬೀಳುತ್ತದೆ. ಪಿಯಾನೊದ ಕಟ್ಟಕಡೆಯ ಕೀಲಿಯ ಮೂಲನಾದ ಸುಮಾರು 4,186 ಹರ್ಟ್ಸ್. ಮನುಷ್ಯಕಂಠದ ರಾಗವೆಲ್ಲ ಅದಕ್ಕಿಂತ ಬಹಳ ಕೆಳಗೆ ನಡೆಯುತ್ತದೆ. ಅಂದರೆ ಸ್ವರಗಳ ಹಾದಿ ಮುಗಿಯುವಲ್ಲಿ ಹಾನಿ ಶುರುವಾಗುತ್ತದೆ. ಷಡ್ಜ ಪಂಚಮಗಳು ಅಲುಗಾಡದೆ ಉಳಿಯುವುದರಿಂದ ವಿದ್ವಾಂಸನಿಗೆ ತನ್ನ ಕಿವಿ ಸರಿಯಾಗಿಯೇ ಇದೆಯೆಂಬ ಭರವಸೆ. ಆದರೆ ಮಾತಿನಲ್ಲಿ ಒಂದು ಪದವನ್ನು ಇನ್ನೊಂದರಿಂದ ಬೇರ್ಪಡಿಸುವ ವ್ಯಂಜನಗಳು, ಅದರಲ್ಲೂ ಸ, ತ, ಫಗಳಂಥ ಉಸಿರಿನ ಮತ್ತು ಸಿಡಿತದ ಧ್ವನಿಗಳು, ಬಹುಪಾಲು ಆ ಎತ್ತರದ ಸೀಮೆಯನ್ನೇ ನೆಚ್ಚಿಕೊಂಡಿವೆ. ಸ್ವರಾಕ್ಷರ ಕೇಳುತ್ತದೆ, ವ್ಯಂಜನ ಜಾರುತ್ತದೆ. ಹಾಲು, ಕಾಲು, ಸಾಲು, ಪಾಲು ಎಲ್ಲವೂ ಒಂದೇ ಆಗುತ್ತವೆ. ಪದ ಹೋಗಿ ದನಿ ಉಳಿಯಿತೆಂದು ಬೆಥೋವನ್ 1801ರಲ್ಲಿ ಬರೆದದ್ದೂ ಇದನ್ನೇ. ಸಂಗೀತಗಾರನ ನಷ್ಟ ಸಂಗೀತದಲ್ಲಿ ಕಾಣಿಸದೆ ಊಟದ ಪಂಕ್ತಿಯಲ್ಲಿ ಕಾಣಿಸಿಕೊಳ್ಳುತ್ತದೆ. ಆದುದರಿಂದಲೇ ಅವನಿಗೆ ಅದು ಕಡೆಗೆ ತಿಳಿಯುತ್ತದೆ.

ಈ ನಡುವೆ ಸಂಗೀತವೇ ಜೋರಾಗುತ್ತಿತ್ತು. ರಾಜನ ಕೋಣೆಯಿಂದ ಟಿಕೆಟು ಕೊಂಡವರ ಸಭಾಂಗಣಕ್ಕೆ ಕಲೆ ಬಂದಾಗ ಕಡೆಯ ಸಾಲಿನವನಿಗೂ ಕೇಳಬೇಕಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಪಿಯಾನೊಗಳಿಗೆ ಎರಕದ ಕಬ್ಬಿಣದ ಚೌಕಟ್ಟು ಬಂದಿತು, ತಂತಿಗಳ ಬಿಗಿ ಹೆಚ್ಚಿತು, ವಾದ್ಯವೃಂದದಲ್ಲಿ ಹಿತ್ತಾಳೆ ವಾದ್ಯಗಳು ಸಾಲುಗಟ್ಟಿದವು. ನಮ್ಮಲ್ಲಿಯೂ ಇದಕ್ಕೆ ಒಂದು ಸಾಕ್ಷಿಯಿದೆ. ಧ್ವನಿವರ್ಧಕಗಳಿಲ್ಲದ ದಿನಗಳಲ್ಲಿ ದೊಡ್ಡ ಸಭೆಯ ಹಿಂಬದಿಗೂ ಪಿಟೀಲಿನ ನಾದ ತಲುಪಲೆಂದೇ ತಿರುಮಕೂಡಲಿನ ಟಿ. ಚೌಡಯ್ಯನವರು ನಾಲ್ಕು ತಂತಿಗಳ ವಾದ್ಯವನ್ನು ಏಳು ತಂತಿಗಳದ್ದಾಗಿ ಮಾಡಿಕೊಂಡರು. ಧ್ವನಿವರ್ಧಕ ಬಂದ ಮೇಲಂತೂ ಎಲ್ಲೆಯೇ ಉಳಿಯಲಿಲ್ಲ. 1976ರ ಮೇ 31ರಂದು ಲಂಡನ್ನಿನ ಚಾರ್ಲ್‌ಟನ್ ಮೈದಾನದಲ್ಲಿ ‘ದ ಹೂ’ ರಾಕ್ ತಂಡದ ಸದ್ದು 32 ಮೀಟರ್ ದೂರದಲ್ಲಿ 126 ಡೆಸಿಬಲ್ ಇದ್ದಿತೆಂದು ಗಿನ್ನೆಸ್ ಪುಸ್ತಕ ದಾಖಲಿಸಿತು. ಕಿವಿಗೆ ಕೇಡು ಮಾಡುವ ಪೈಪೋಟಿಗೆ ಉತ್ತೇಜನ ಬೇಡವೆಂದು ಆ ಪುಸ್ತಕ ಮುಂದೆ ಅಂಥ ದಾಖಲೆಯನ್ನೇ ಕೈಬಿಟ್ಟಿತು. ಆ ತಂಡದ ಗಿಟಾರ್ ವಾದಕ ಪೀಟ್ ಟೌನ್‌ಶೆಂಡ್ ತನ್ನ ಶ್ರವಣನಷ್ಟವನ್ನು ಬಹಿರಂಗವಾಗಿ ಹೇಳಿಕೊಂಡ ಮೊದಲಿಗರಲ್ಲಿ ಒಬ್ಬನಾದನು.

ರಾಕ್ ಸಂಗೀತವನ್ನು ಬೈಯುವುದು ಸುಲಭ. ಶಾಸ್ತ್ರೀಯ ವಾದ್ಯವೃಂದಗಳಲ್ಲಿ ಮಾಪಕ ಇಟ್ಟು ನೋಡಿದಾಗ ಕಂಡದ್ದು ಅಷ್ಟು ಸುಲಭದ ಮಾತಾಗಿರಲಿಲ್ಲ. 1991ರಲ್ಲಿ ಪ್ರಕಟವಾದ, ಶಿಕಾಗೊ ಸಿಂಫನಿ ವಾದ್ಯವೃಂದದ ಸದಸ್ಯರ ಶ್ರವಣಪರೀಕ್ಷೆಗಳಲ್ಲಿ ನೂರಕ್ಕೆ 52.5 ಮಂದಿಯ ನಕ್ಷೆಯಲ್ಲಿ ಶಬ್ದಹಾನಿಯನ್ನು ಹೋಲುವ ಆ ಕಚ್ಚು ಕಂಡಿತು. ಪಿಟೀಲು ಮತ್ತು ವಯೋಲಾ ವಾದಕರಲ್ಲಿ ಎಡಗಿವಿ ಬಲಗಿವಿಗಿಂತ ಹೆಚ್ಚು ಬಳಲಿತ್ತು. ವಾದ್ಯವನ್ನು ಎಡಗೆನ್ನೆಗೆ ಒತ್ತಿ ನುಡಿಸುವವರ ಎಡಗಿವಿಗೂ ತಂತಿಗೂ ಎಷ್ಟು ದೂರ! ನೆಲದ ಮೇಲೆ ಕುಳಿತು, ವಾದ್ಯದ ತುದಿಯನ್ನು ಪಾದದ ಮೇಲೂ ಬುಡವನ್ನು ಎದೆಯ ಬಳಿಯೂ ಇಟ್ಟು ನುಡಿಸುವ ನಮ್ಮ ಪದ್ಧತಿಯಲ್ಲಿ ಆ ದೂರ ತುಸು ಹೆಚ್ಚು. ಆದರೆ ಕಿವಿಯ ಪಕ್ಕದಲ್ಲೇ ಇಟ್ಟ ಮಾನಿಟರ್ ಸ್ಪೀಕರು ಆ ಅನುಕೂಲವನ್ನು ಕಸಿದುಕೊಳ್ಳುತ್ತದೆ. 2014ರಲ್ಲಿ ಜರ್ಮನಿಯ ಸಂಶೋಧಕರು ಸುಮಾರು 70 ಲಕ್ಷ ವಿಮಾದಾರರ ದಾಖಲೆಗಳನ್ನು ಆಧರಿಸಿ ತೋರಿಸಿದ ಪ್ರಕಾರ, ವೃತ್ತಿಪರ ಸಂಗೀತಗಾರರಲ್ಲಿ ಶಬ್ದಜನ್ಯ ಶ್ರವಣನಷ್ಟದ ಸಂಭವ ಇತರರಿಗಿಂತ ಮೂರೂವರೆ ಪಟ್ಟಿಗೂ ಹೆಚ್ಚು. ಕಿವಿಮೊರೆತದ ಸಂಭವ ಶೇಕಡಾ 57ರಷ್ಟು ಅಧಿಕ.

ಹಾಗಾದರೆ ಸಂಗೀತಗಾರನ ಕಿವಿ ಮೇಲಾದದ್ದೆಂಬ ಹಳೆಯ ನಂಬಿಕೆ ಬರಿಯ ಸುಳ್ಳೆ? ಅದೂ ಅಲ್ಲ. 2009ರಲ್ಲಿ ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ನೀನಾ ಕ್ರೌಸ್ ಅವರ ಬಳಗವು ಗದ್ದಲದ ನಡುವೆ ಮಾತನ್ನು ಹೆಕ್ಕಿಕೊಳ್ಳುವುದರಲ್ಲಿ ಸಂಗೀತಾಭ್ಯಾಸಿಗಳು ಮುಂದಿರುವರೆಂದು ವರದಿ ಮಾಡಿತು. ಬೇರೆ ಕೆಲವು ಪ್ರಯೋಗಗಳಲ್ಲಿ ಆ ಮೇಲುಗೈ ಕಾಣದೆ ಚರ್ಚೆ ಇನ್ನೂ ನಡೆದಿದೆ. 2012ರಲ್ಲಿ ಕೆನಡಾದ ಬೆಂಜಮಿನ್ ಜೆಂಡೆಲ್ ಮತ್ತು ಕ್ಲೋಡ್ ಅಲೆನ್ ಪ್ರಕಟಿಸಿದ ಅಧ್ಯಯನ ನನಗೆ ಹೆಚ್ಚು ಬೆಳಕು ನೀಡಿತು. ಕ್ಷೀಣವಾದ ಶುದ್ಧಸ್ವರವನ್ನು ಕೇಳುವ ಶಕ್ತಿ ವಯಸ್ಸಾದಂತೆ ಸಂಗೀತಗಾರರಲ್ಲಿಯೂ ಇತರರಲ್ಲಿಯೂ ಒಂದೇ ಬಗೆಯಲ್ಲಿ ಕುಗ್ಗುತ್ತದೆ. ಆದರೆ ಗದ್ದಲದಲ್ಲಿ ಮಾತನ್ನು ಗ್ರಹಿಸುವುದರಲ್ಲಿ ಎಪ್ಪತ್ತರ ಸಂಗೀತಗಾರನು ಸಂಗೀತ ಕಲಿಯದ ಐವತ್ತರವನಿಗೆ ಸಾಟಿಯಾಗಿದ್ದನು.

ಕಿವಿ ಬೇರೆ, ಕೇಳ್ಮೆ ಬೇರೆ ಎಂಬುದು ಇದರಿಂದ ಸ್ಪಷ್ಟ. ಸಾಧನೆಯಿಂದ ಬೆಳೆಯುವುದು ಮಿದುಳಿನ ಕೇಳ್ಮೆ. ಅದು ಗುರುವಿನಿಂದ ಬಂದದ್ದು, ದಶಕಗಳ ತಂಬೂರಿಯ ಸಹವಾಸದಿಂದ ಮಾಗಿದ್ದು. ಕಿವಿಯಾದರೋ ಹುಟ್ಟಿನೊಡನೆ ಬಂದ 15,000 ಕೋಶಗಳ ಬಂಡವಾಳ. ಅದನ್ನು ಯಾವ ಸಾಧನೆಯೂ ಹೆಚ್ಚಿಸಲಾರದು. ಸಾಧನೆಯ ಗಂಟೆಗಳೇ ಅದನ್ನು ಸವೆಸಬಹುದು. ಅದಕ್ಕೂ ಮಿಗಿಲಾದ ತೊಡಕೊಂದಿದೆ: ಪಳಗಿದ ಕೇಳ್ಮೆ ಕಿವಿಯ ನಷ್ಟವನ್ನು ತನ್ನ ಜಾಣ್ಮೆಯಿಂದ ತುಂಬಿಕೊಡುತ್ತ, ಅದು ಬಯಲಾಗದಂತೆ ಬಹುಕಾಲ ಕಾಪಾಡುತ್ತದೆ. ಪರಿಪೂರ್ಣವಾಗಿರಬೇಕಾದ ಇಂದ್ರಿಯವೇ ದುರ್ಬಲವಾಯಿತೆಂದು ಬೆಥೋವನ್ ನಾಚಿದ್ದು ಈ ಎರಡನ್ನೂ ಒಂದೆಂದು ಎಣಿಸಿದ್ದರಿಂದ. ಅವನ ಕೇಳ್ಮೆಗೆ ಏನೂ ಆಗಿರಲಿಲ್ಲ.

ಗುಟ್ಟು ಕಡೆಗೆ ನ್ಯಾಯಾಲಯಕ್ಕೆ ಬಂದದ್ದು ನಮ್ಮ ಕಾಲದಲ್ಲಿ. ಬ್ರಿಟನ್ನಿನಲ್ಲಿ ಕೆಲಸದ ಸ್ಥಳದ ಶಬ್ದವನ್ನು ನಿಯಂತ್ರಿಸುವ 2005ರ ನಿಯಮಗಳು ಸಂಗೀತ ಮತ್ತು ಮನರಂಜನೆಯ ಕ್ಷೇತ್ರಕ್ಕೆ 2008ರ ಏಪ್ರಿಲ್‌ನಲ್ಲಿ ಜಾರಿಗೆ ಬಂದವು. 2012ರ ಸೆಪ್ಟೆಂಬರ್ 1ರಂದು ಲಂಡನ್ನಿನ ರಾಯಲ್ ಆಪೆರಾ ಹೌಸ್‌ನಲ್ಲಿ ವಾಗ್ನರ್‌ನ ‘ವಾಲ್ಕ್ಯೂರ’ ಗೇಯನಾಟಕದ ತಾಲೀಮು ನಡೆಯುತ್ತಿತ್ತು. ಕ್ರಿಸ್ಟೊಫರ್ ಗೋಲ್ಡ್‌ಶೈಡರ್ ಎಂಬ ವಯೋಲಾ ವಾದಕನ ಆಸನ ತುತ್ತೂರಿಗಳ ಮುಂದೆಯೇ ಇತ್ತು. ಒಂದರ ಬಾಯಿ ಅವನ ಬಲಗಿವಿಯ ಹಿಂದೆ ತೆರೆದುಕೊಂಡಿತ್ತು. ಆ ಕ್ಷಣಗಳಲ್ಲಿ ಶಬ್ದ 130 ಡೆಸಿಬಲ್ಲನ್ನು ಮೀರಿತ್ತೆಂದು ಮುಂದೆ ನ್ಯಾಯಾಲಯದಲ್ಲಿ ಹೇಳಲಾಯಿತು. ಅವನಿಗೆ ಕಿವಿರಕ್ಷಕಗಳನ್ನು ಕೊಡಲಾಗಿತ್ತು. ಆದರೂ ಕಿವಿಗೆ ಆಘಾತವಾಯಿತು. ಅನಂತರ ಮನೆಯ ಪಾತ್ರೆಗಳ ಸದ್ದೂ ಅವನಿಗೆ ನೋವಾಯಿತು. 2014ರಲ್ಲಿ ಅವನು ಕೆಲಸ ಬಿಟ್ಟನು.

ಮೊಕದ್ದಮೆಯಲ್ಲಿ ಎದ್ದ ಮೂಲಪ್ರಶ್ನೆ ದೊಡ್ಡದು. ಕಾರ್ಖಾನೆಯ ಗದ್ದಲ ಉತ್ಪಾದನೆಯ ಕಸ. ವಾದ್ಯವೃಂದದ ಶಬ್ದವೇ ಅದರ ಉತ್ಪಾದನೆ. ಕಲೆಯ ಮೌಲ್ಯಕ್ಕಾಗಿ ಸ್ವಲ್ಪ ಹಾನಿಯನ್ನು ಸಹಿಸಬೇಕಲ್ಲವೆ ಎಂಬುದು ಒಂದು ವಾದ. 2018ರ ಮಾರ್ಚ್‌ನಲ್ಲಿ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ನಿಕೊಲ ಡೇವಿಸ್ ವಾದಕನ ಪರವಾಗಿ ತೀರ್ಪಿತ್ತರು. ಕಲೆಯ ಹೆಸರಿನಲ್ಲಿ ನಿಯಮದಿಂದ ವಿನಾಯಿತಿಯಿಲ್ಲ ಎಂಬುದು ಅದರ ಸಾರ. 2019ರ ಏಪ್ರಿಲ್‌ನಲ್ಲಿ ಮೇಲ್ಮನವಿ ನ್ಯಾಯಾಲಯವು ಮುಖ್ಯ ಹೊಣೆಯ ವಿಷಯದಲ್ಲಿ ಅದನ್ನು ಎತ್ತಿಹಿಡಿಯಿತು. ರಾಮಜ್ಜೀನಿ ಕಂಚುಗಾರನಿಗೆ ಕೊಟ್ಟ ಸ್ಥಾನ ಮುನ್ನೂರು ವರ್ಷಗಳ ನಂತರ ಸಂಗೀತಗಾರನಿಗೂ ದೊರಕಿದ್ದು ಹೀಗೆ.

ನಮ್ಮ ಕಚೇರಿಗಳಿಗೆ ಈ ತೀರ್ಪನ್ನು ಹಾಗೆಯೇ ತಂದು ಅನ್ವಯಿಸಲಾಗದು. ಇಲ್ಲಿ ಬಹುಮಂದಿ ವಾದಕರಿಗೆ ಉದ್ಯೋಗದಾತನೆಂಬುವನೇ ಇಲ್ಲ. ಒಂದು ಸಂಜೆಗೆ ಒಂದು ಸಭೆ, ಮರುದಿನ ಇನ್ನೊಂದು. ನಾಗಸ್ವರದ ಪಕ್ಕದ ಡೋಲು, ಭಾಗವತರ ಮಗ್ಗುಲಿನ ಚೆಂಡೆ, ಪುಣೆಯ ಗಣೇಶೋತ್ಸವದ ಢೋಲ್‌ತಾಶಾ ಪಥಕಗಳು: ಇವರ ಕಿವಿಯ ಲೆಕ್ಕವನ್ನು ಇಡುವವರಾರು? ಕಿವಿ ಹೋಯಿತೆಂಬ ಸುದ್ದಿ ಹಬ್ಬಿದರೆ ಮುಂದಿನ ಋತುವಿನಲ್ಲಿ ಕರೆ ಬರುವುದಿಲ್ಲವೆಂಬ ಭಯ ಮಾತ್ರ ಅವರದೇ. ಶ್ರುತಿಯನ್ನು ತಾಯಿಯೆಂದು ಕರೆಯುವ ಪರಂಪರೆ ನಮ್ಮದು; ‘ಶ್ರುತಿ’ಯೆಂದರೆ ಕೇಳಿದ್ದು ಎಂದೇ ಅರ್ಥ. ಆದರೂ ಕಂಠಕ್ಕೆ ಕಲ್ಲುಸಕ್ಕರೆ, ಬಿಸಿನೀರು, ಮೌನಗಳ ಪಥ್ಯ ಹೇಳುವ ನಮ್ಮ ಗುರುಮನೆಗಳು ಕಿವಿಗೆ ಯಾವ ಪಥ್ಯವನ್ನೂ ಹೇಳಿಕೊಟ್ಟಂತಿಲ್ಲ.

ಉಪಾಯಗಳು ದೂರದಲ್ಲಿಲ್ಲ. ಸ್ವರಗಳ ಪರಸ್ಪರ ತೂಕ ಕೆಡದಂತೆ ಎಲ್ಲ ಆವರ್ತಾಂಕಗಳನ್ನೂ ಸಮವಾಗಿ ತಗ್ಗಿಸುವ, ಸಂಗೀತಗಾರರಿಗೆಂದೇ ಮಾಡಿದ ಕಿವಿಬಿರಡೆಗಳು 1988ರಿಂದಲೇ ಮಾರುಕಟ್ಟೆಯಲ್ಲಿವೆ. ಮಾನಿಟರ್ ಸ್ಪೀಕರನ್ನು ಒಂದೆರಡು ಅಡಿ ಸರಿಸುವುದಕ್ಕೆ ಖರ್ಚೇ ಇಲ್ಲ. ಜೋರು ಕಚೇರಿಯ ಮರುದಿನ ಕಿವಿಗೆ ವಿಶ್ರಾಂತಿ ಕೊಡಬಹುದು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ; ನಾವಿರುವ ಮುಂಬಯಿಯ ಬಾಂದ್ರಾದಲ್ಲಿ ಅಲಿ ಯಾವರ್ ಜಂಗ್ ಅವರ ಹೆಸರಿನ ರಾಷ್ಟ್ರೀಯ ಸಂಸ್ಥೆಯಿದೆ. ಅರ್ಧ ಗಂಟೆಯ ಪರೀಕ್ಷೆಯಿಂದ ಒಂದು ನಕ್ಷೆ ಸಿಗುತ್ತದೆ. ಬೆಥೋವನ್‌ಗೆ ಅದು ಇರಲಿಲ್ಲ; ಪತ್ರವಷ್ಟೇ ಇತ್ತು.

ಇಷ್ಟನ್ನೂ ಓದಿಕೊಂಡ ಮೇಲೆ ಒಂದು ಭಾನುವಾರ ಮೂರನೆಯ ಮಹಡಿಗೆ ಹೋದೆ. ಕಿವಿಯ ಮಾತನ್ನು ನೇರವಾಗಿ ಎತ್ತಲು ಧೈರ್ಯ ಸಾಲದೆ ಬೆಥೋವನ್‌ನ ಪತ್ರದ ಕಥೆ ಹೇಳಿದೆ. ಮೇಷ್ಟ್ರು ಪೂರ್ತಿ ಕೇಳಿ, “ಮೂವತ್ತು ವರ್ಷಕ್ಕೇ?” ಎಂದು ಒಮ್ಮೆ ಕೇಳಿದರು, ಬಳಿಕ ಬಹಳ ಹೊತ್ತು ಮಾತಾಡಲಿಲ್ಲ. ಎರಡು ವಾರ ಕಳೆದು ತಾವಾಗಿಯೇ, “ನೀನೂ ಜತೆಗೆ ಬಾರಪ್ಪ” ಎಂದರು. ನಕ್ಷೆಯಲ್ಲಿ ಗೆರೆ ಸ್ವಲ್ಪ ದೂರ ಸಮತಟ್ಟಾಗಿ ನಡೆದು, 4,000ದ ಬಳಿ ಬಾವಿಗೆ ಬಿದ್ದಂತೆ ಇಳಿದಿತ್ತು. ಪರೀಕ್ಷೆ ಮಾಡಿದ ಹುಡುಗಿ ಅದನ್ನು ವಿವರಿಸುತ್ತಿದ್ದಾಗ ಅವರು, “ಅಂದರೆ ನನ್ನ ಷಡ್ಜಕ್ಕೆ ಏನೂ ಆಗಿಲ್ಲ ತಾನೆ?” ಎಂದು ಕೇಳಿದರು. ಆಗಿಲ್ಲವೆಂದು ಅವಳು ತಲೆಯಾಡಿಸಿದಳು. ಹತ್ತು ವರ್ಷಗಳಿಂದ ಹೊತ್ತ ಭಾರವನ್ನು ಯಾರೋ ಇಳಿಸಿಕೊಂಡಂತೆ ಅವರು ಕುರ್ಚಿಗೆ ಒರಗಿದರು.

ಹೆಸರು ಹಾಕದೆ ಬರೆಯಲು ಅವರೇ ಒಪ್ಪಿಗೆ ಕೊಟ್ಟಿದ್ದಾರೆ. ಶ್ರವಣಯಂತ್ರವನ್ನು ಮನೆಯಲ್ಲಿ ಹಾಕಿಕೊಳ್ಳುತ್ತಾರೆ, ಸಭೆಗೆ ಇನ್ನೂ ಹಾಕಿಕೊಂಡು ಹೋಗುವುದಿಲ್ಲ. ಆದರೆ ಪಾಠಕ್ಕೆ ಬರುವ ಹುಡುಗರಲ್ಲಿ ಯಾರಾದರೂ ಕಚೇರಿಗೆ ಹೊರಟರೆ, ಕಲ್ಲು ತೆಗೆದುಕೊಂಡೆಯಾ ಎಂದು ಕೇಳುವ ಜತೆಗೆ, ಸ್ಪೀಕರನ್ನು ಕಿವಿಯಿಂದ ದೂರ ಇಡಿಸು ಎಂದು ಈಗ ಹೇಳಿ ಕಳುಹಿಸುತ್ತಾರೆ.